ಓಡೋವಾಗ ಸಕ್ಕರೆ ತಿಂದ್ರೆ ತಪ್ಪೇನು?

ಈ ತಿಂಗಳು ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಭಯದ್ದು, ಸಕ್ಕರೆ ಭಯ. ಶುಗರ್ ಇರೋರಿಗೂ ಇದೆ, ಇಲ್ಲದೋರಿಗೂ ಇದೆ. ಮನೇಲಿ ಕೂತು ಮಾಡೋ ಊಟದ ಲೆಕ್ಕಾನ ತಗೊಂಡ್ಹೋಗಿ ನಾಲ್ಕು ಗಂಟೆ ಓಡೋ ರಸ್ತೆ ಮೇಲೆ ಇಟ್ರೆ ಅದು ತಾಳೆ ಆಗಲ್ಲ, ನಾನು ಎಲ್ಲರಿಗೂ ಹೇಳೋದು ಹೆಚ್ಚುಕಮ್ಮಿ ಇದನ್ನೇ. ಉದ್ದ ಪತ್ರಗಳನ್ನ ಸ್ವಲ್ಪ ಕತ್ತರಿಸಿದೀನಿ, ಬೇಜಾರು ಮಾಡ್ಕೋಬೇಡಿ. ಇನ್ಸುಲಿನ್ ಮತ್ತೆ ಮಾತ್ರೆ ವಿಷಯದಲ್ಲಿ ಕೊಟ್ಟಿರೋ ನಂಬರ್‌ಗಳು ನಿಮ್ಮ ಡಾಕ್ಟರ್ ಹತ್ರ ಕೂತು ಮಾತಾಡೋಕೆ, ನೀವೇ ಡೋಸ್ ಬದಲಾಯಿಸ್ಕೊಳ್ಳೋಕಲ್ಲ.

ಪ್ರಶ್ನೆ: ಮೇಡಂ, ನಂಗೆ 34 ವರ್ಷ, 65 ಕೆಜಿ. ಹಾಫ್ ಮ್ಯಾರಥಾನ್ ಆರಾಮಾಗಿ ಮುಗಿಸ್ತೀನಿ, ಫುಲ್‌ಗೆ ಇಳಿದ್ರೆ ಮಾತ್ರ 30ನೇ ಕಿಲೋಮೀಟರ್ ಆಸುಪಾಸಲ್ಲಿ ಕಾಲು ಕಲ್ಲಾಗತ್ತೆ, ತಲೆ ಓಡಲ್ಲ, ಆಮೇಲೆ ನಡ್ಕೊಂಡೇ ಬರೋದು. ಸಕ್ಕರೆ ಪೂರ್ತಿ ಬಿಟ್ಟಿದೀನಿ, ಬೆಳಿಗ್ಗೆ ನೆನೆಸಿದ ಬಾದಾಮಿ ನಾಲ್ಕು ತಿಂದು ಹೊರಡ್ತೀನಿ, ದಾರೀಲಿ ಬರೀ ನೀರು. ಓಡ್ತಾ ಹೀರೋ ಎನರ್ಜಿ ಜೆಲ್ ಪ್ಯಾಕೆಟ್ ತಗೊಳ್ಳಿ ಅಂತಾರೆ, ಅದೆಲ್ಲ ಕೆಮಿಕಲ್ ಅಲ್ವಾ, ರೇಟೂ ಜಾಸ್ತಿ. ಮನೇಲೇ ಏನಾದ್ರೂ ಮಾಡ್ಕೋಬಹುದಾ? (ಮೈಸೂರು)

ಉತ್ತರ: ನಾಲ್ಕು ಬಾದಾಮಿಲಿ ಇರೋದು ಒಂದು ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದ್ರೆ ಪಿಷ್ಟ, ಸಕ್ಕರೆ) ಸ್ವಾಮಿ, ಅದ್ರಲ್ಲಿ ಬಸ್ ಸ್ಟಾಪ್ ತನಕ ಹೋಗ್ಬಹುದು, 42 ಕಿಲೋಮೀಟರ್ ಆಗಲ್ಲ. ಓಡುವಾಗ ಹೆಚ್ಚುಕಮ್ಮಿ ಒಂದು ಕೆಜಿ ತೂಕಕ್ಕೆ ಕಿಲೋಮೀಟರ್‌ಗೆ ಒಂದು ಕ್ಯಾಲೊರಿ ಖರ್ಚಾಗತ್ತೆ, ನಿಮಗೆ ಫುಲ್‌ಗೆ 2700 ಚಿಲ್ಲರೆ ಬೇಕು. ದೇಹ ಕೂಡಿಟ್ಟಿರೋ ಕಾರ್ಬ್, ಅಂದ್ರೆ ಗ್ಲೈಕೋಜನ್, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ 100 ಗ್ರಾಂ, ಎಲ್ಲಾ ಸೇರಿ 2000 ಕ್ಯಾಲೊರಿ. ರಾತ್ರಿ ಮಲಗಿದಾಗ ಲಿವರ್‌ದು ಬಹುಪಾಲು ಖಾಲಿ ಆಗಿರತ್ತೆ, ಅದ್ರ ಮೇಲೆ ನೀವು ಬಾದಾಮಿ ತಿಂದು ಹೊರಟಿದೀರ. ಕೊಬ್ಬೂ ಉರಿಯತ್ತೆ, ಇಲ್ಲ ಅಂತಲ್ಲ, ಆದ್ರೆ ಅದು ನಿಧಾನ, ರೇಸ್ ಸ್ಪೀಡ್‌ಗೆ ಅದೊಂದೇ ಸಾಕಾಗಲ್ಲ. ಅದಕ್ಕೇ 30ರಲ್ಲಿ ಕಾಲೂ ನಿಲ್ಲತ್ತೆ ತಲೆನೂ ನಿಲ್ಲತ್ತೆ, ಮೆದುಳಿಗೂ ಬೇಕಾಗಿರೋದು ಅದೇ ಗ್ಲೂಕೋಸ್ ತಾನೆ.

ಇದೇನು ಹೊಸ ವಿಷಯ ಅಲ್ಲ. 1924ರಲ್ಲೇ ಬಾಸ್ಟನ್ ಮ್ಯಾರಥಾನ್ ಮುಗಿಸಿದ ಓಟಗಾರರ ರಕ್ತ ಪರೀಕ್ಷೆ ಮಾಡಿದ ಡಾಕ್ಟರ್‌ಗಳು, ತುಂಬಾ ಸುಸ್ತಾಗಿ ಬಂದವರ ಶುಗರ್ ಕೆಳಗಿಳಿದಿದ್ದನ್ನ ನೋಡಿದ್ರು, ಮುಂದಿನ ವರ್ಷ ಓಡೋವಾಗ ಕ್ಯಾಂಡಿ ತಿನ್ನಿಸಿ ನೋಡಿದ್ರು, ಸ್ಥಿತಿ ಎಷ್ಟೋ ಸುಧಾರಿಸ್ತು. ಹತ್ತಿರ ಹತ್ತಿರ ನೂರು ವರ್ಷ ಆದ್ಮೇಲೂ ನಾವು ಬಾದಾಮಿ ಎಣಿಸ್ತಾ ಕೂತಿದೀವಿ.

ಈಗ ಮಾಡಬೇಕಾದ್ದು. ಓಟ ಶುರುವಾದ ಅರ್ಧ ಗಂಟೆಯಿಂದಲೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಒಳಗೆ ಹೋಗ್ತಾ ಇರಬೇಕು, ಸುಸ್ತಾದ ಮೇಲಲ್ಲ. ಮನೆ ಬಾಟಲಿ ಹೀಗೆ ಮಾಡಿ: 750 ಎಂಎಲ್ ನೀರಿಗೆ ನಾಲ್ಕು ಟೇಬಲ್ ಸ್ಪೂನ್ ಸಕ್ಕರೆ, ಅದು 50 ಗ್ರಾಂ ಆಗತ್ತೆ, ಕಾಲು ಟೀ ಸ್ಪೂನ್ ಉಪ್ಪು, ಅರ್ಧ ನಿಂಬೆಹಣ್ಣು. ಇದನ್ನ ಒಂದು ಗಂಟೇಲಿ ಸ್ವಲ್ಪ ಸ್ವಲ್ಪವಾಗಿ ಮುಗಿಸಿ. ಜೆಲ್ ಒಳಗಿರೋದೂ ಬಹುಪಾಲು ಇದೇ ಜಾತಿ ಸಕ್ಕರೆನೇ, ಒಂದು ಪ್ಯಾಕೆಟ್‌ಗೆ 20-25 ಗ್ರಾಂ, ನೀವು ದುಡ್ಡು ಕೊಡೋದು ಜೇಬಲ್ಲಿ ಇಟ್ಕೊಳ್ಳೋ ಸುಖಕ್ಕೆ. ಬಾಟಲಿ ಬೇಡ ಅಂದ್ರೆ ಬಾಳೆಹಣ್ಣು, ಏಲಕ್ಕಿ ಬಾಳೆ ಸಣ್ಣದಾದ್ರೆ 10-12 ಗ್ರಾಂ, ಪಚ್ಚಬಾಳೆ ಆದ್ರೆ 25ರ ಹತ್ರ. ಬೇಯಿಸಿದ ಆಲೂಗೆಡ್ಡೆಗೆ ಉಪ್ಪು ಹಚ್ಚಿ ತಿನ್ನೋದೂ ಚೆನ್ನಾಗಿ ನಡಿಯತ್ತೆ, ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟದಲ್ಲಿ 90 ಕಿಲೋಮೀಟರ್ ಹತ್ರ ಓಡೋ ಜನಕ್ಕೆ ದಾರಿಯುದ್ದಕ್ಕೂ ಅದನ್ನೇ ಕೊಡ್ತಾರೆ.

ದೊಡ್ಡ ಸೈಕ್ಲಿಸ್ಟ್‌ಗಳು ಗಂಟೆಗೆ 90 ಗ್ರಾಂ ತಗೋತಾರೆ ಅಂತ ಕೇಳಿರ್ತೀರ, ನಿಜ. ಕರುಳಿನಲ್ಲಿ ಗ್ಲೂಕೋಸ್ ಹೋಗೋ ದಾರಿ ಗಂಟೆಗೆ 60 ಗ್ರಾಂ ಹತ್ರ ತುಂಬಿಹೋಗತ್ತೆ, ಫ್ರಕ್ಟೋಸ್‌ಗೆ ಬೇರೆ ದಾರಿ ಇದೆ, ಎರಡೂ ಸೇರಿಸಿದ್ರೆ ಜಾಸ್ತಿ ಹಿಡಿಸತ್ತೆ. ಮಜಾ ಏನಂದ್ರೆ ನಮ್ಮ ಡಬ್ಬಿ ಸಕ್ಕರೆ ಅರ್ಧ ಗ್ಲೂಕೋಸ್ ಅರ್ಧ ಫ್ರಕ್ಟೋಸೇ. ನಿಮಗೆ ಸದ್ಯಕ್ಕೆ 50 ಸಾಕು. ಅದೂ ರೇಸ್ ದಿನ ಮೊದಲ ಸಲ ಟ್ರೈ ಮಾಡಿದ್ರೆ ಹೊಟ್ಟೆ ಕೈಕೊಡೋದು ಗ್ಯಾರಂಟಿ, ಭಾನುವಾರದ ಲಾಂಗ್ ರನ್‌ಗಳಲ್ಲಿ ಕೆಲವು ವಾರ ಹೊಟ್ಟೆಗೂ ಪ್ರಾಕ್ಟೀಸ್ ಕೊಡಿ.

ರೇಸ್‌ಗೆ ಮುಂಚೆ ಎರಡು ದಿನ ಅನ್ನ ಸಾರು, ಮೊಸರನ್ನ, ಇಡ್ಲಿ, ಅವಲಕ್ಕಿ ಇವನ್ನ ಜಾಸ್ತಿ ಮಾಡಿ, ಸೊಪ್ಪು ಕಾಳು ಕಮ್ಮಿ ಮಾಡಿ. ಕೆಜಿಗೆ 8ರಿಂದ 10 ಗ್ರಾಂ ಕಾರ್ಬ್ ಅಂದ್ರೆ ನಿಮಗೆ ದಿನಕ್ಕೆ 520ರಿಂದ 650 ಗ್ರಾಂ, ತಿನ್ನೋಕೆ ಕೂತಾಗ ಗೊತ್ತಾಗತ್ತೆ ಎಷ್ಟು ಕಷ್ಟ ಅಂತ. ತೂಕ ಒಂದು ಕೆಜಿ ಏರತ್ತೆ, ಗಾಬರಿ ಬೇಡ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಮೂರು ಗ್ರಾಂ ಹತ್ರ ನೀರೂ ಕೂತಿರತ್ತೆ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ಆಗಲ್ವಾ? ಶುಗರ್ ಇರೋರಿಗೂ ಬೆಲ್ಲ ನಡೆಯತ್ತೆ ಅಂತಾರಲ್ಲ? (ಮಂಡ್ಯ)

ಉತ್ತರ: ಬಾಟಲಿಗೆ ಹಾಕಿ, ರುಚಿ ಚೆನ್ನಾಗಿರತ್ತೆ. ಎರಡನೇ ಮಾತು ಸುಳ್ಳು. ಬೆಲ್ಲದಲ್ಲಿ ಇರೋದೂ ಬಹುಪಾಲು ಅದೇ ಸಕ್ಕರೆ, ಮೀಟರ್‌ಗೆ ಬಣ್ಣ ಕಾಣಲ್ಲ.

ಪ್ರಶ್ನೆ: ಮೇಡಂ, ನಮ್ಮ ಅಪ್ಪಾಜಿಗೆ 58 ವರ್ಷ, ಎಂಟು ವರ್ಷದಿಂದ ಶುಗರ್ ಐತಿ. ಗ್ಲಿಮಿಪಿರೈಡ್ ಮತ್ತ ಮೆಟ್‌ಫಾರ್ಮಿನ್ ಕೂಡಿದ್ದ ಗುಳಗಿ ಮುಂಜಾನೆ ಸಂಜೀಕ ತಗೋತಾರ. ಈ ಸಲ ಯುಗಾದಿಗೆ ಊರ ಮಂದಿ ಕೂಡ ಶ್ರೀಶೈಲಕ್ಕ ಪಾದಯಾತ್ರಿ ಹೊಂಟಾರ. ಬ್ಯಾಡ ಅಂದ್ರ ಕೇಳವಲ್ರು, ಮಲ್ಲಯ್ಯ ನೋಡ್ಕೋತಾನ ಅಂತಾರ. ಏನ್ ತಿನ್ಬೇಕು ಏನ್ ಬಿಡ್ಬೇಕು ಹೇಳ್ರಿ. (ಬಾಗಲಕೋಟೆ ಜಿಲ್ಲೆ)

ಉತ್ತರ: ಇದನ್ನ ಯಾರೂ ಎಂಡ್ಯೂರೆನ್ಸ್ ಸ್ಪೋರ್ಟ್ ಅಂತ ಕರೆಯಲ್ಲ, ಆದ್ರೆ ಬೇಸಿಗೆ ಬಿಸಿಲಲ್ಲಿ ದಿನಾ ಮೂವತ್ತು ನಲವತ್ತು ಕಿಲೋಮೀಟರ್ ನಡೆದು ಕೊನೆಗೆ ನಲ್ಲಮಲ ಕಾಡು ಹತ್ತಿ ಇಳಿಯೋದು ಎಷ್ಟೋ ಮ್ಯಾರಥಾನ್‌ಗಿಂತ ಕಷ್ಟದ್ದು. ಹೋಗಲಿ ಬಿಡಿ, ತಯಾರಾಗಿ ಹೋಗಲಿ. ಹೊರಡೋಕೆ ಒಂದು ತಿಂಗಳ ಮುಂಚೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಹೃದಯ, ಕಣ್ಣು, ಕಿಡ್ನಿ, ಮುಖ್ಯವಾಗಿ ಪಾದದ ಸ್ಪರ್ಶ ನೋಡಿಸಿ.

ಅಪಾಯ ಇರೋದು ಊಟದಲ್ಲಲ್ಲ, ಗ್ಲಿಮಿಪಿರೈಡಲ್ಲಿ. ಮೆಟ್‌ಫಾರ್ಮಿನ್ ಒಂದೇ ಇದ್ರೆ ಶುಗರ್ ಲೋ ಆಗೋದು ಅಪರೂಪ, ಗ್ಲಿಮಿಪಿರೈಡ್ ಮಾತ್ರ ನೀವು ತಿಂದ್ರೂ ತಿನ್ನದೇ ಇದ್ರೂ ಇನ್ಸುಲಿನ್ ಹಿಂಡ್ತಾನೇ ಇರತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಗುಳಿಗೆ ನುಂಗಿ ನಡೆಯೋಕೆ ಶುರು, ಮುಂದಿನ ದಾಸೋಹ ಸಿಗೋದು ಹನ್ನೊಂದಕ್ಕೆ, ಈ ಮಧ್ಯೆ ಏನಾಗತ್ತೆ ಯೋಚಿಸಿ. ನಡೆಯೋ ದಿನಗಳಲ್ಲಿ ಆ ಗುಳಿಗೆ ಅರ್ಧ ಮಾಡಬೇಕಾ, ಬೆಳಗಿನದು ಬಿಡಬೇಕಾ, ಬೇರೆ ಬೇರೆ ಗುಳಿಗೆಯಾಗಿ ಬರ್ಕೊಡ್ತಾರಾ ಅಂತ ಡಾಕ್ಟರ್‌ನ ನೇರವಾಗಿ ಕೇಳಿ, ಅವರು ಹೇಳಿದ್ದನ್ನ ಚೀಟೀಲಿ ಬರೆಸ್ಕೊಳ್ಳಿ. ವಾಂತಿ ಭೇದಿ ಶುರುವಾಗಿ ನೀರು ನಿಲ್ತಿಲ್ಲ ಅಂದ್ರೆ ಮೆಟ್‌ಫಾರ್ಮಿನ್ ವಿಷಯಾನೂ ಫೋನ್ ಮಾಡಿ ಕೇಳಬೇಕು.

ತಿನ್ನೋದಕ್ಕೆ ನಿಮ್ಮ ಕಡೆ ಬುತ್ತಿಗಿಂತ ಒಳ್ಳೇದು ಬೇರೆ ಬೇಕಾ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಹೊರಡೋ ಮುಂಚೆ ಒಂದು ರೊಟ್ಟಿ ಆದ್ರೂ ಹೊಟ್ಟೆಗೆ ಹೋಗಲಿ, ನಡೀತಾ ಪ್ರತಿ ಗಂಟೆ ಒಂದಷ್ಟು, ಒಂದು ಬಾಳೆಹಣ್ಣೋ ಅರ್ಧ ರೊಟ್ಟಿಯೋ. ದಾರೀಲಿ ಭಕ್ತರು ಕೊಡೋ ಪಾನಕ, ಹೋಳಿಗೆ ಎಲ್ಲಾ ವಿಷ ಅಂತ ಹೆದರಿಸ್ಬೇಡಿ, ನಡೀತಾ ಇರೋವಾಗ ಅರ್ಧ ಲೋಟ ಪಾನಕ ಕಾಲಿಗೆ ಹೋಗತ್ತೆ. ಅದೇ ಸಂಜೆ ನಡಿಗೆ ಮುಗಿಸಿ ಕೂತ್ಮೇಲೆ ಹೊಟ್ಟೆ ತುಂಬಾ ಹೋಳಿಗೆ ಬೇಡ.

ಜೇಬಲ್ಲಿ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಪೊಟ್ಟಣ ಇರಲೇಬೇಕು, ಶೇಂಗಾ ಉಂಡಿ ಆ ಕೆಲಸಕ್ಕೆ ಆಗಲ್ಲ, ಅದರ ಎಣ್ಣೆ ಅಂಶ ಶುಗರ್ ಏರೋದನ್ನ ತಡ ಮಾಡತ್ತೆ. ಬೆವರು, ನಡುಕ, ಮಾತು ತೊದಲೋದು, ಸುಮ್‌ಸುಮ್ನೆ ಸಿಟ್ಟು ಬರೋದು ಕಂಡ್ರೆ, ಇಲ್ಲಾ ಮೀಟರ್‌ನಲ್ಲಿ 70ಕ್ಕಿಂತ ಕಮ್ಮಿ ಬಂದ್ರೆ, ಮೂರು ಟೀ ಸ್ಪೂನ್ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಕೂರಿಸಿ, ಮತ್ತೆ ನೋಡಿ, ಏರದೇ ಇದ್ರೆ ಇನ್ನೊಂದು ಸಲ. ಗ್ಲಿಮಿಪಿರೈಡ್‌ನಿಂದ ಆದ ಲೋ ಸರಿಹೋದಂಗೆ ಕಂಡು ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು, ಅದಕ್ಕೇ ಸಕ್ಕರೆ ಮೇಲೆ ಊಟಾನೂ ಮಾಡಿಸಿ, ರಾತ್ರಿ ಒಬ್ರನ್ನೇ ಮಲಗೋಕೆ ಬಿಡ್ಬೇಡಿ, ಪದೇ ಪದೇ ಇಳೀತಿದ್ರೆ ಆಸ್ಪತ್ರೆ. ಜೊತೆಗೆ ಹೋಗೋ ಇಬ್ಬರಿಗಾದ್ರೂ ಇದನ್ನ ಕಲಿಸಿ ಕಳಿಸಿ. ಸ್ಮೃತಿ ತಪ್ಪಿದ್ರೆ ಬಾಯಿಗೆ ಏನೂ ಹಾಕಬಾರದು, ಸೀದಾ ಗಾಡಿ ಹತ್ತಿಸೋದೇ.

ಬರಿಗಾಲು ಹರಕೆ ಇದ್ರೆ ಅದೊಂದನ್ನ ಮಲ್ಲಯ್ಯನ ಹತ್ರ ಮಾಫಿ ಕೇಳೋಕೆ ಹೇಳಿ. ಪಾದ ಜೋಮು ಇರೋರಿಗೆ ಬೊಬ್ಬೆ ಎದ್ದಿದ್ದೂ ಗೊತ್ತಾಗಲ್ಲ. ದಿನಾ ಸಂಜೆ ಯಾರಾದ್ರೂ ಟಾರ್ಚ್ ಹಿಡಿದು ಪಾದ ನೋಡ್ಲಿ.

ಪ್ರಶ್ನೆ: ಅಕ್ಕಾ, ನಂಗೆ 24, ಹನ್ನೊಂದನೇ ವಯಸ್ಸಿಂದ ಟೈಪ್ 1 ಡಯಾಬಿಟಿಸ್, ಅಂದ್ರೆ ದೇಹ ತಾನೇ ಇನ್ಸುಲಿನ್ ಮಾಡ್ಕೊಳ್ಳಲ್ಲ. ದಿನಾ ಮೂರು ಸಲ ಊಟದ ಇನ್ಸುಲಿನ್, ರಾತ್ರಿ ಗ್ಲಾರ್ಜಿನ್ (ನಿಧಾನವಾಗಿ ಕೆಲಸ ಮಾಡೋ ಇನ್ಸುಲಿನ್), ತೋಳಲ್ಲಿ ಶುಗರ್ ನೋಡೋ ಸೆನ್ಸರ್ ಇದೆ. ಸೈಕ್ಲಿಂಗ್ ಅಂದ್ರೆ ಜೀವ. ಮೊದಲ 200 ಕಿಲೋಮೀಟರ್ ಬ್ರೆವೆ (ಗೊತ್ತುಮಾಡಿದ ಟೈಮ್ ಒಳಗೆ ಮುಗಿಸೋ ಉದ್ದ ಸೈಕಲ್ ರೈಡ್) ಮಾಡಬೇಕು ಅಂತಿದೀನಿ. ಆದ್ರೆ 100ರ ಪ್ರಾಕ್ಟೀಸ್ ರೈಡಲ್ಲಿ ಐದು ಗಂಟೆಗೆ ಅವಲಕ್ಕಿ ತಿಂದು ಇನ್ಸುಲಿನ್ ತಗೊಂಡು ಆರಕ್ಕೆ ಹೊರಟ್ರೆ ಏಳೂವರೆಗೆಲ್ಲಾ ಲೋ, ಸಿಕ್ಕಿದ್ದೆಲ್ಲಾ ತಿಂದು ಮಧ್ಯಾಹ್ನ 280, ಅದನ್ನ ಇಳಿಸೋಕೆ ಇನ್ಸುಲಿನ್ ತಗೊಂಡ್ರೆ ರಾತ್ರಿ ಮೂರಕ್ಕೆ 52. ಅಮ್ಮ ಸೈಕಲ್ ಮಾರ್ತೀನಿ ಅಂತ ಕೂತಿದಾರೆ. (ಧಾರವಾಡ)

ಉತ್ತರ: ಸೈಕಲ್ ಮಾರೋದು ಬೇಡ ಅಂತ ಅಮ್ಮಂಗೆ ಹೇಳು, ಆದ್ರೆ ಅವರ ಭಯ ಸುಮ್ನೆ ಅಲ್ಲ ಅಂತ ನೀನೂ ಒಪ್ಕೋ. ರಾತ್ರಿ ಮೂರಕ್ಕೆ 52 ಅಂದ್ರೆ ತಮಾಷೆ ಅಲ್ಲಮ್ಮ.

ನೀನು ಬರೆದಿರೋದನ್ನ ಸಾಲಾಗಿ ನೋಡಿದ್ರೆ ಮೂರೂ ಒಂದೇ ಸರಪಳಿ, ಮೊದಲನೇ ಕೊಂಡಿ ಬೆಳಗಿನ ಇನ್ಸುಲಿನ್. ಶುಗರ್ ಇಲ್ಲದೋರು ಪೆಡಲ್ ತುಳಿಯೋಕೆ ಶುರು ಮಾಡಿದ್ರೆ ಅವರ ಪ್ಯಾಂಕ್ರಿಯಾಸ್ ತಾನಾಗೇ ಇನ್ಸುಲಿನ್ ಇಳಿಸ್ಕೊಳ್ಳತ್ತೆ. ನಿಂಗೆ ಚುಚ್ಚಿದ್ದನ್ನ ವಾಪಸ್ ತೆಗೆಯೋಕಾಗಲ್ಲ. ಐದಕ್ಕೆ ತಗೊಂಡ ಫಾಸ್ಟ್ ಇನ್ಸುಲಿನ್ ಆರು ಏಳರ ಹೊತ್ತಿಗೆ ಪೂರ್ತಿ ಜೋರಲ್ಲಿರತ್ತೆ, ಆ ಕಡೆ ಕೆಲಸ ಮಾಡ್ತಿರೋ ಸ್ನಾಯು ಇನ್ಸುಲಿನ್ ಸಹಾಯ ಇಲ್ಲದೇನೂ ಗ್ಲೂಕೋಸ್ ಎಳ್ಕೊಳ್ಳತ್ತೆ, ಎರಡೂ ಸೇರಿದ್ರೆ ಏಳೂವರೆಗೆ ಲೋ ಆಗದೇ ಇದ್ರೇನೇ ಆಶ್ಚರ್ಯ. ಅದಕ್ಕೇ ರೈಡ್‌ಗೆ ಒಂದೂವರೆ ಗಂಟೆ ಒಳಗಿನ ಊಟಕ್ಕೆ ತಗೊಳ್ಳೋ ಡೋಸನ್ನ 25ರಿಂದ 75 ಪರ್ಸೆಂಟ್ ತನಕ ಇಳಿಸಬೇಕು ಅಂತ 2017ರ ಅಂತಾರಾಷ್ಟ್ರೀಯ ತಜ್ಞರ ಒಮ್ಮತದ ಮಾರ್ಗಸೂಚೀಲೇ ಇದೆ. ನಿಧಾನದ ಉದ್ದ ರೈಡ್‌ಗೆ ತುಂಬಾ ಜನ ಅರ್ಧದಿಂದ ಶುರು ಮಾಡ್ತಾರೆ. ನಿಂಗೆ ಎಷ್ಟು ಅನ್ನೋದನ್ನ ನಿನ್ನ ಡಾಕ್ಟರ್ ಸೆನ್ಸರ್ ಗ್ರಾಫ್ ಇಟ್ಕೊಂಡು ಹೇಳಬೇಕು, ಗ್ರಾಫ್ ಪ್ರಿಂಟ್ ತಗೊಂಡೇ ಹೋಗು. ಇನ್ನೊಂದು, ಆ ದಿನ ತೊಡೆಗೆ ಚುಚ್ಕೋಬೇಡ, ತುಳಿಯೋ ಕಾಲಲ್ಲಿ ಇನ್ಸುಲಿನ್ ಬೇಗ ಎಳ್ಕೊಳ್ಳತ್ತೆ, ಹೊಟ್ಟೇಲಿ ತಗೋ.

ಹೊರಡುವಾಗ 126ರಿಂದ 180 ಮಧ್ಯ ಇದ್ರೆ ಚೆನ್ನ. 90ಕ್ಕಿಂತ ಕಮ್ಮಿ ಇದ್ರೆ 10-20 ಗ್ರಾಂ ಗ್ಲೂಕೋಸ್ ತಗೊಂಡು ಏರೋ ತನಕ ಕಾಯಿ, 90ರಿಂದ 124 ಇದ್ರೆ ಒಂದು 10 ಗ್ರಾಂ ತಗೊಂಡು ಹೊರಡು. 270 ದಾಟಿದ್ರೆ ರಕ್ತದ ಕೀಟೋನ್ (ಇನ್ಸುಲಿನ್ ಸಾಲದೆ ಕೊಬ್ಬು ಕರಗುವಾಗ ಏರೋ ಆಮ್ಲ) ನೋಡು, 1.5 ಅಥವಾ ಜಾಸ್ತಿ ಇದ್ರೆ ಆ ದಿನ ಸೈಕಲ್ ಮುಟ್ಟಂಗಿಲ್ಲ, ಡಾಕ್ಟರ್‌ಗೆ ಫೋನ್. 0.6ರಿಂದ 1.4 ಇದ್ರೂ ಮೊದಲು ಅದನ್ನ ಸರಿ ಮಾಡ್ಕೊಂಡೇ ಮುಂದಿನ ಮಾತು. ಕೀಟೋನ್ ಇಲ್ದೇ ಸ್ಟಾರ್ಟ್ ಲೈನಲ್ಲಿ ಸುಮ್ನೆ 200 ತೋರಿಸ್ತಿದ್ರೆ ಅದು ಟೆನ್ಷನ್ ಅಡ್ರಿನಲಿನ್‌ದು ಇರಬಹುದು, ಅದಕ್ಕೆ ಅಂತ ಇನ್ಸುಲಿನ್ ಹೊಡ್ಕೋಬೇಡ.

ರಸ್ತೆ ಮೇಲೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್, ಮೇಲೆ ಮೈಸೂರಿನವರಿಗೆ ಹೇಳಿದ ಅದೇ ನಂಬರ್. ನೋಡಿದ್ಯಾ, ಅವರಿಗೂ ನಿಂಗೂ ಸ್ನಾಯು ಕೇಳೋದು ಒಂದೇ. ಲೋ ಆದ್ಮೇಲೆ ತಿನ್ನೋದಲ್ಲ, ಮೊದಲ ಇಪ್ಪತ್ತು ಮೂವತ್ತು ನಿಮಿಷದಿಂದಲೇ ಅಲಾರಂ ಇಟ್ಕೊಂಡು ಸ್ವಲ್ಪ ಸ್ವಲ್ಪ. ಹಾಗೆ ಮಾಡಿದ್ರೆ ಸಿಕ್ಕಿದ್ದೆಲ್ಲಾ ತಿನ್ನೋ ಪರಿಸ್ಥಿತಿನೇ ಬರಲ್ಲ, 280ಊ ಬರಲ್ಲ. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ ಟೈಮ್ ಇರತ್ತೆ, ಅಷ್ಟೂ ಹೊತ್ತು ಬರೀ ಸಿಹಿ ನೀರು ಕುಡಿಯೋಕೆ ಬಾಯಿ ಒಪ್ಪಲ್ಲ, ನಡುನಡುವೆ ಇಡ್ಲಿ, ಬಾಳೆಹಣ್ಣು, ಖರ್ಜೂರ, ಬ್ರೆಡ್ ಜಾಮ್ ಇಟ್ಕೋ. ಮನೆ ಇಡ್ಲಿ ಒಂದಕ್ಕೆ ಸುಮಾರು 10 ಗ್ರಾಂ, ಹೋಟೆಲ್‌ದು ಅದಕ್ಕಿಂತ ದಪ್ಪ, ನೀನು ಕಾರ್ಬ್ ಎಣಿಸೋದ್ರಲ್ಲಿ ನಮಗಿಂತ ಪಳಗಿರ್ತೀಯ. ದಾರೀಲಿ ಕೂತು ದೊಡ್ಡ ಊಟ ಮಾಡಿದ್ರೆ ಅದಕ್ಕೆ ಇನ್ಸುಲಿನ್ ಬೇಕಾಗತ್ತೆ, ಮುಂದೆ ಇನ್ನೂ ತುಳಿಯೋದಿದೆ ಅಂದ್ರೆ ಆ ಡೋಸೂ ಕಮ್ಮೀನೇ ಇರಬೇಕು. ಒಂದು ಜೇಬು ಬರೀ ಗ್ಲೂಕೋಸ್‌ಗೆ ಮೀಸಲು, ಹಸಿವಾದ್ರೂ ಅದನ್ನ ಮುಟ್ಟಬಾರದು, ಜೊತೆಗಿರೋರಿಗೆ ಯಾವ ಜೇಬು ಅಂತ ಗೊತ್ತಿರಬೇಕು.

ಸೆನ್ಸರ್ ನಂಬು, ಪೂರ್ತಿ ನಂಬಬೇಡ. ಅದು ನೋಡೋದು ಚರ್ಮದ ಕೆಳಗಿನ ದ್ರವ, ರಕ್ತದ ಶುಗರ್ ಬೇಗ ಇಳೀತಿರೋವಾಗ ಸೆನ್ಸರ್ ಹತ್ತು ಹದಿನೈದು ನಿಮಿಷ ಹಿಂದೆ ಇರತ್ತೆ. 110 ಇದ್ದು ಬಾಣ ಕೆಳಗೆ ತೋರಿಸ್ತಿದ್ರೆ ಅದನ್ನ 110 ಅಂತ ಓದಬೇಡ, ತಿನ್ನು. ಅನುಮಾನ ಬಂದ್ರೆ ಬೆರಳು ಚುಚ್ಚು. 70ಕ್ಕಿಂತ ಕೆಳಗೆ ಹೋದ್ರೆ ಇಳಿದು ನಿಲ್ಲು, 15 ಗ್ರಾಂ ಗ್ಲೂಕೋಸ್, 15 ನಿಮಿಷ. 54ಕ್ಕಿಂತ ಕೆಳಗೆ ಹೋದ್ರೆ ಆವತ್ತಿನ ರೈಡ್ ಮುಗೀತು, ಗಾಡಿ ತರಿಸ್ಕೋ. ಹಿಂದಿನ 24 ಗಂಟೇಲಿ ಬೇರೆಯವರು ಎಬ್ಬಿಸಬೇಕಾಗುವಂಥ ಲೋ ಆಗಿದ್ರೂ ಹೊರಡಂಗಿಲ್ಲ, ಒಂದು ಸಲ ಜೋರಾಗಿ ಇಳಿದ ದೇಹ ಮುಂದಿನ ಸಲ ಎಚ್ಚರಿಕೆ ಸರಿಯಾಗಿ ಕೊಡಲ್ಲ. ಬ್ರೆವೆ ಮುಂದಿನ ತಿಂಗಳೂ ಇರತ್ತೆ.

ಈಗ ರಾತ್ರಿ ಮೂರು ಗಂಟೆ ವಿಷಯ, ನಂಗೆ ಜಾಸ್ತಿ ಚಿಂತೆ ಇದೇ. ರೈಡ್ ಮುಗಿದ್ಮೇಲೆ ಸ್ನಾಯು ಖಾಲಿಯಾದ ಡಬ್ಬ ತುಂಬಿಸ್ಕೊಳ್ತಾ ಇರತ್ತೆ, ಇನ್ಸುಲಿನ್‌ಗೆ ದೇಹ ಎಷ್ಟೋ ಗಂಟೆ ಕಾಲ ಜಾಸ್ತಿ ಸ್ಪಂದಿಸತ್ತೆ. ಮಾಮೂಲಿ ದಿನ 280ಕ್ಕೆ ತಗೊಳ್ಳೋ ಕರೆಕ್ಷನ್ ಡೋಸನ್ನೇ ಆ ದಿನ ತಗೊಂಡ್ರೆ ಅದು ಎರಡರಷ್ಟು ಕೆಲಸ ಮಾಡಿದಂಗೆ ಆಗತ್ತೆ, ನಿಂಗೆ ಆಗಿರೋದು ಅದೇ. ರೈಡ್ ನಂತರದ ಊಟದ ಡೋಸೂ ಕಮ್ಮಿ, ಕರೆಕ್ಷನ್ನೂ ಕಮ್ಮಿ, ಆ ರಾತ್ರಿಯ ಗ್ಲಾರ್ಜಿನ್ ಸುಮಾರು 20 ಪರ್ಸೆಂಟ್ ಇಳಿಸೋದು ವಾಡಿಕೆ, ಮಲಗೋ ಮುಂಚೆ ಕೆಜಿಗೆ 0.4 ಗ್ರಾಂ ಲೆಕ್ಕದಲ್ಲಿ ಇನ್ಸುಲಿನ್ ಇಲ್ಲದೆ ಏನಾದ್ರೂ ತಿನ್ನೋದು, 50 ಕೆಜಿ ಇದ್ರೆ 20 ಗ್ರಾಂ, ಒಂದು ಲೋಟ ಹಾಲು ಒಂದು ಸಣ್ಣ ಬಾಳೆಹಣ್ಣು ಆಯ್ತು. ಈ ನಾಲ್ಕರಲ್ಲಿ ನಿಂಗೆ ಯಾವುದೆಷ್ಟು ಅಂತ ಡಾಕ್ಟರ್ ಹತ್ರ ಮೊದಲೇ ಬರೆಸ್ಕೋ. ಟ್ರೆಸಿಬಾ ಅಂದ್ರೆ ಡೆಗ್ಲುಡೆಕ್ ತಗೊಳ್ಳೋರು ಇದನ್ನ ಓದಿ ಆ ರಾತ್ರಿ ಇಳಿಸೋಕೆ ಹೋಗ್ಬೇಡಿ, ಅದು 42 ಗಂಟೆಗೂ ಮೇಲೆ ಇರೋ ಇನ್ಸುಲಿನ್, ಲೆಕ್ಕ ಬೇರೆ. ಸೆನ್ಸರ್ ಅಲಾರಂ 80-90ಕ್ಕೆ ಇಡು, ಫೋನ್ ಸೈಲೆಂಟ್ ಬೇಡ, ಅಮ್ಮನ ಫೋನಿಗೂ ರೀಡಿಂಗ್ ಹೋಗೋ ಹಾಗೆ ಮಾಡು. ಅವರಿಗೆ ರಾತ್ರಿ ನಿದ್ದೆ ಬಂದ್ರೆ ಸೈಕಲ್ ಮಾರೋ ಮಾತು ತಾನಾಗೇ ನಿಲ್ಲತ್ತೆ.

ಅಮ್ಮಂಗೆ ಇನ್ನೂ ಧೈರ್ಯ ಬೇಕು ಅಂದ್ರೆ ಇವರ ಕಥೆ ಹೇಳು. ಬ್ರಿಟನ್‌ನ ಸ್ಟೀವ್ ರೆಡ್‌ಗ್ರೇವ್‌ಗೆ 1997ರಲ್ಲಿ ಡಯಾಬಿಟಿಸ್ ಅಂತ ಗೊತ್ತಾಯ್ತು, ಇನ್ಸುಲಿನ್ ತಗೊಳ್ತಾನೇ 2000ದ ಸಿಡ್ನಿಯಲ್ಲಿ ರೋಯಿಂಗ್‌ನಲ್ಲಿ ಸತತ ಐದನೇ ಒಲಿಂಪಿಕ್ಸ್ ಚಿನ್ನ ಗೆದ್ರು. ಟೀಮ್ ನೋವೋ ನಾರ್ಡಿಸ್ಕ್ ಅನ್ನೋ ಪ್ರೊಫೆಷನಲ್ ಸೈಕ್ಲಿಂಗ್ ತಂಡದಲ್ಲಿ ಅಷ್ಟೂ ರೈಡರ್‌ಗಳು ಟೈಪ್ 1ನವರೇ. ಅಮೆರಿಕದ ಸ್ಕೀಯರ್ ಕ್ರಿಸ್ ಫ್ರೀಮನ್ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ 30 ಕಿಲೋಮೀಟರ್ ರೇಸ್ ಮಧ್ಯ ಶುಗರ್ ಲೋ ಆಗಿ ಹಿಮದ ಮೇಲೆ ಬಿದ್ದುಬಿಟ್ರು, ಸಿಹಿ ಕುಡಿದು ಎದ್ದು ಮುಗಿಸಿದ್ರು, 2014ರ ಸೋಚಿಗೂ ಹೋದ್ರು. ಬಿದ್ದು ಎದ್ದು ಮುಗಿಸಿದ್ದನ್ನ ನೀನು ಕಾಪಿ ಮಾಡೋದು ಬೇಡ.

ಪ್ರಶ್ನೆ: ನಮ್ಮ ಕಡೆ ಸೆಕೆ ನಿಮಗೆ ಗೊತ್ತೇ ಉಂಟಲ್ಲ, ಅರ್ಧ ಗಂಟೆ ಓಡಿದ್ರೆ ಬನಿಯನ್ ಹಿಂಡಬೇಕು. ಬೊಂಡ (ಎಳನೀರು) ಒಳ್ಳೆಯದಾ, ಓಆರ್‌ಎಸ್ ಒಳ್ಳೆಯದಾ, ಸುಮ್ಮನೆ ನೀರೇ ಜಾಸ್ತಿ ಕುಡಿದರೆ ಸಾಕಾ? (ಮಂಗಳೂರು)

ಉತ್ತರ: ಸುಮ್ಮನೆ ನೀರೇ ಜಾಸ್ತಿ, ಅದೊಂದು ಬೇಡ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ನೋಡಿದಾಗ 13 ಪರ್ಸೆಂಟ್ ಜನಕ್ಕೆ ಸೋಡಿಯಂ, ಅಂದ್ರೆ ಉಪ್ಪಿನಂಶ, ಕೆಳಗಿಳಿದಿತ್ತು, ಓಡೋಕೆ ಮುಂಚೆಗಿಂತ ಓಡಿದ ಮೇಲೆ ತೂಕ ಜಾಸ್ತಿ ಆದವರಲ್ಲಿ ಅದು ಹೆಚ್ಚು. ಅಂದ್ರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದಿದ್ರು. ಒಂದು ಭಾನುವಾರ ಓಡೋ ಮುಂಚೆ ಆಮೇಲೆ ತೂಕ ನೋಡಿ, ಒಂದು ಕೆಜಿ ಇಳಿದ್ರೆ ಒಂದು ಲೀಟರ್ ಬೆವರು. ಅಷ್ಟನ್ನೂ ಓಡ್ತಾನೇ ತುಂಬಬೇಕಿಲ್ಲ, ಬಾಯಾರಿಕೆಗೆ ತಕ್ಕ ಹಾಗೆ ಕುಡಿದು ತೂಕ 2 ಪರ್ಸೆಂಟ್ ಒಳಗೆ ಇಳಿದ್ರೆ ಪರವಾಗಿಲ್ಲ.

ಬೊಂಡದಲ್ಲಿ ಪೊಟ್ಯಾಶಿಯಂ ಧಾರಾಳ, ನಿಮ್ಮ ಬೆವರಲ್ಲಿ ಹೋಗ್ತಿರೋದು ಮುಖ್ಯವಾಗಿ ಸೋಡಿಯಂ, ಆದ್ದರಿಂದ ಓಡಿ ಬಂದು ಬೊಂಡ ಕುಡಿಯಿರಿ, ಜೊತೆಗೆ ಉಪ್ಪಿರೋ ಏನಾದ್ರೂ ತಿನ್ನಿ, ಗಂಜಿ ಉಪ್ಪಿನಕಾಯಿಗಿಂತ ಬೇಕಾ. ಓಆರ್‌ಎಸ್‌ನಲ್ಲಿ ಸೋಡಿಯಂ ಚೆನ್ನಾಗಿದೆ, ಆದ್ರೆ ಒಂದು ಲೀಟರ್‌ಗೆ ಗ್ಲೂಕೋಸ್ ಬರೀ 13.5 ಗ್ರಾಂ, ಅದು ಭೇದಿಗೆ ಮಾಡಿದ್ದು, ಓಟಕ್ಕೆ ಇಂಧನ ಆಗಲ್ಲ. ಟೆಟ್ರಾ ಪ್ಯಾಕಲ್ಲಿ ಸಿಹಿ ಸಿಹಿಯಾಗಿ ಓಆರ್‌ಎಸ್ ಅಂತ ಮಾರ್ತಿದ್ದವು ಬೇರೆ ಜಾತಿ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆ ಹೆಸರು ಹಾಕ್ಕೊಳ್ಳಂಗಿಲ್ಲ ಅಂತ ಆದೇಶ ಮಾಡ್ತು. ಶುಗರ್ ಇರೋರು ಅದನ್ನ ಔಷಧಿ ಅಂತ ಮನೇಲಿ ಕೂತು ಕುಡೀತಿದ್ರು ಪಾಪ.

ಪ್ರಶ್ನೆ: ಟೈಪ್ 2, ವಯಸ್ಸು 41, ಐಟಿ ಕೆಲಸ. ಲೋ ಕಾರ್ಬ್ ಮಾಡಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.9ರಿಂದ 6.4ಕ್ಕೆ ತಂದಿದೀನಿ. ಮೆಟ್‌ಫಾರ್ಮಿನ್ ಮತ್ತೆ ಡಾಪಾಗ್ಲಿಫ್ಲೋಜಿನ್ ತಗೋತೀನಿ. ಹಾಫ್‌ಗೆ ಟ್ರೇನಿಂಗ್, ಲಾಂಗ್ ರನ್ ಖಾಲಿ ಹೊಟ್ಟೇಲೇ ಮಾಡ್ತೀನಿ, ಫ್ಯಾಟ್ ಬರ್ನ್ ಆಗ್ಲಿ ಅಂತ. ಇತ್ತೀಚೆಗೆ ಓಡಿದ ಮೇಲೆ ವಾಕರಿಕೆ ಬರತ್ತೆ, ಆದ್ರೆ ಶುಗರ್ ನಾರ್ಮಲ್ ಇರತ್ತೆ. (ಬೆಂಗಳೂರು)

ಉತ್ತರ: ನಂಬರ್ ಇಳಿಸಿದ್ದಕ್ಕೆ ಶಭಾಷ್, ಆದ್ರೆ ಸಂಚಿಕೆ ಬರೋ ತನಕ ಕಾಯೋದು ಬೇಡ ಅಂತ ನಿಮಗೆ ಆಗಲೇ ಬೇರೆ ಮೆಸೇಜ್ ಹಾಕಿದೀನಿ, ಇಲ್ಲಿ ಉಳಿದವರಿಗಾಗಿ ಬರೀತಿದೀನಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಈ ಗುಂಪಿನ ಮಾತ್ರೆಗಳು ಶುಗರನ್ನ ಮೂತ್ರದಲ್ಲಿ ಹೊರಗೆ ಹಾಕ್ತವೆ. ಒಳ್ಳೆ ಮಾತ್ರೆಗಳೇ, ಹೃದಯಕ್ಕೂ ಕಿಡ್ನಿಗೂ ಒಳ್ಳೇದು. ಆದ್ರೆ ಇದರ ಜೊತೆ ಕಾರ್ಬ್ ಇಲ್ಲ, ಉಪವಾಸ, ಎರಡು ಗಂಟೆ ಓಟ, ಬೆವರು ಎಲ್ಲಾ ಕೂಡಿದ್ರೆ ಕೀಟೋನ್ ಏರಿ ರಕ್ತ ಆಮ್ಲೀಯ ಆಗೋ ಸಾಧ್ಯತೆ ಇರತ್ತೆ, ಅದೂ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಇಲ್ಲದಿರುವಾಗಲೇ. ಅದಕ್ಕೇ ಇದು ಕಣ್ಣಿಗೆ ಬೀಳಲ್ಲ. ವಾಕರಿಕೆ, ವಾಂತಿ, ಹೊಟ್ಟೆ ನೋವು, ಉಸಿರು ಜೋರು ಇದ್ರೆ ಮನೇಲಿ ಗ್ಯಾಸ್ ಅಂತ ಇನೋ ಕುಡಿದು ಮಲಗ್ಬೇಡಿ, ರಕ್ತದ ಕೀಟೋನ್ ಟೆಸ್ಟ್ ಮಾಡೋ ಆಸ್ಪತ್ರೆಗೆ ಹೋಗಿ, ಈ ಮಾತ್ರೆ ತಗೋತಿದೀನಿ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಆಪರೇಶನ್‌ಗೆ ಮುಂಚೆ ಇದನ್ನ ಮೂರು ದಿನ ನಿಲ್ಲಿಸ್ತಾರೆ, ಉದ್ದ ರೇಸ್ ಇದ್ದಾಗಲೂ ನಿಲ್ಲಿಸಬೇಕಾ ಅಂತ ಡಾಕ್ಟರ್‌ನ ಕೇಳೋದು ನಿಮ್ಮ ಕೆಲಸ.

ಖಾಲಿ ಹೊಟ್ಟೆ ಲಾಂಗ್ ರನ್ ನಿಮಗೆ ಬೇಡವೇ ಬೇಡ. ಓಡೋ ಮುಂಚೆ ಎರಡು ಇಡ್ಲಿ, ಒಂದು ಗಂಟೆ ದಾಟಿದ್ರೆ ಗಂಟೆಗೆ 30 ಗ್ರಾಂ, ಅಷ್ಟಕ್ಕೆ ನಿಮ್ಮ 6.4 ಓಡಿಹೋಗಲ್ಲ. ಅಂದಹಾಗೆ ರಾಗಿ ಮುದ್ದೆ ಲೋ ಕಾರ್ಬ್ ಅಂದ್ಕೊಂಡು ತಿಂತೀನಿ ಅಂತ ಕೊನೇಲಿ ಬರ್ದಿದೀರ, 100 ಗ್ರಾಂ ರಾಗಿ ಹಿಟ್ಟಲ್ಲಿ 70 ಗ್ರಾಂ ಹತ್ರ ಕಾರ್ಬೇ ಇರೋದು. ಕ್ಯಾಲ್ಸಿಯಂಗೆ ತಿನ್ನಿ, ಓಟದ ಹಿಂದಿನ ದಿನ ಖುಷಿಯಾಗಿ ತಿನ್ನಿ. ಕೀನ್ಯಾದ ಓಟಗಾರರು ತಿನ್ನೋ ಉಗಾಲಿನೂ ಮೆಕ್ಕೆಜೋಳದ ಹಿಟ್ಟಿನ ಮುದ್ದೆನೇ, ಅವರ ಊಟದ ಮುಕ್ಕಾಲು ಭಾಗ ಶಕ್ತಿ ಕಾರ್ಬ್‌ನಿಂದಲೇ ಬರೋದು.

ಪ್ರಶ್ನೆ: ನಂಗೆ 22 ವರ್ಷ, ಟ್ರೇಲ್ ರನ್ನರ್. ಚಿಕ್ಕಮಗಳೂರು ಬೆಟ್ಟಗಳಲ್ಲಿ 50 ಕಿಲೋಮೀಟರ್ ಅಲ್ಟ್ರಾಗೆ ತಯಾರಿ ನಡೀತಿದೆ. ತೂಕ ಇಳಿದ್ರೆ ಹತ್ತೋದು ಸುಲಭ ಅಂತ ರಾತ್ರಿ ಊಟ ಬಿಟ್ಟಿದೀನಿ, ಆರು ಕೆಜಿ ಇಳಿದೆ. ಐದು ತಿಂಗಳಿಂದ ಮುಟ್ಟಾಗಿಲ್ಲ. ಕೋಚ್ ಅದು ಅಥ್ಲೀಟ್‌ಗಳಿಗೆ ಮಾಮೂಲಿ ಅಂತಾರೆ, ನಂಗೂ ರಗಳೆ ಇಲ್ಲ ಅನ್ಸತ್ತೆ. ಆದ್ರೆ ಮೊಣಕಾಲ ಕೆಳಗೆ ಮೂಳೆ ನೋವು ಹೋಗ್ತಾನೇ ಇಲ್ಲ. (ಶಿವಮೊಗ್ಗ)

ಉತ್ತರ: ಮಾಮೂಲಿ ಅಲ್ಲ, ಕೋಚ್‌ಗೆ ಈ ಪುಟ ತೋರಿಸು. ಓಟಕ್ಕೆ ಖರ್ಚಾಗಿ ಉಳಿದ ಶಕ್ತಿ ದೇಹ ನಡೆಸೋಕೆ ಸಾಲದೇ ಇದ್ದಾಗ ದೇಹ ಒಂದೊಂದೇ ಇಲಾಖೆ ಬಾಗಿಲು ಹಾಕತ್ತೆ, ಮೊದಲು ಮುಟ್ಟು, ಜೊತೆಗೇ ಮೂಳೆ ಕಟ್ಟೋ ಕೆಲಸ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಇದನ್ನ ರೆಡ್-ಎಸ್ ಅಂತ ಹೆಸರಿಟ್ಟು ಎಚ್ಚರಿಸ್ತಾ ಬಂದಿದೆ, ಗಂಡು ಹುಡುಗರಿಗೂ ಬರತ್ತೆ, ಅವರಿಗೆ ಮುಟ್ಟಿನಂಥ ಗುರುತು ಇಲ್ಲದ್ರಿಂದ ಗೊತ್ತಾಗೋದು ಇನ್ನೂ ತಡ. ಮೂರು ತಿಂಗಳು ನಿಂತ್ರೇ ಡಾಕ್ಟರ್ ನೋಡಬೇಕು, ನಿಂದು ಐದು ಆಗಿದೆ. ಆ ಮೂಳೆ ನೋವು ಸ್ಟ್ರೆಸ್ ಫ್ರಾಕ್ಚರ್ (ಮೂಳೇಲಿ ಸಣ್ಣ ಬಿರುಕು) ಇರಬಹುದು, ಎಕ್ಸ್-ರೇನಲ್ಲಿ ಮೊದಮೊದಲು ಕಾಣದೇನೂ ಹೋಗಬಹುದು, ಎಂಆರ್‌ಐ ಬೇಕಾ ಅಂತ ಮೂಳೆ ಡಾಕ್ಟರ್‌ನ ಕೇಳು, ಅಲ್ಲಿ ತನಕ ಓಟ ಬಂದ್. ಸ್ತ್ರೀರೋಗ ತಜ್ಞರ ಹತ್ರ ಪ್ರೆಗ್ನೆನ್ಸಿ, ಥೈರಾಯ್ಡ್, ಪಿಸಿಓಡಿ ಎಲ್ಲಾ ಮೊದಲು ನೋಡಿ ಪಕ್ಕಾ ಮಾಡ್ಕೋಬೇಕು, ಹಿಮೋಗ್ಲೋಬಿನ್, ಫೆರಿಟಿನ್ (ದೇಹ ಕೂಡಿಟ್ಟಿರೋ ಕಬ್ಬಿಣದ ಲೆಕ್ಕ), ವಿಟಮಿನ್ ಡಿ ಕೂಡ. ಮುಟ್ಟು ಬರ್ಲಿ ಅಂತ ಬರೀ ಹಾರ್ಮೋನ್ ಮಾತ್ರೆ ಕೊಟ್ಟು ಕಳಿಸಿದ್ರೆ ರಕ್ತಸ್ರಾವ ಏನೋ ಆಗತ್ತೆ, ಊಟದ ಕೊರತೆ ಹಾಗೇ ಇರತ್ತೆ.

ರಾತ್ರಿ ಊಟ ಇವತ್ತಿಂದ್ಲೇ ಶುರು ಮಾಡು, ಅನ್ನಾನೇ. ನೋವು ಹೋಗಿ ಡಾಕ್ಟರ್ ಓಡು ಅಂದ್ಮೇಲೆ, ಓಡಿ ಬಂದ ಒಂದು ಗಂಟೆ ಒಳಗೆ ಕಾರ್ಬ್ ಜೊತೆ 15-20 ಗ್ರಾಂ ಪ್ರೋಟೀನ್ ಹೋಗಬೇಕು, ಮೂರು ಮೊಟ್ಟೆ ಬ್ರೆಡ್ಡೋ, ಹಾಲು ಅವಲಕ್ಕಿ ಕಡಲೆಕಾಯಿಯೋ, ದುಬಾರಿ ಡಬ್ಬ ಪೌಡರೇ ಆಗಬೇಕಿಲ್ಲ. ಆರು ಕೆಜಿಲಿ ಎಷ್ಟು ವಾಪಸ್ ಬರತ್ತೆ ಅಂತ ತಲೆ ಕೆಡಿಸ್ಕೋಬೇಡ. ರಿಪೋರ್ಟ್‌ಗಳು ಬಂದ್ಮೇಲೆ ಬರಿ, ಅಲ್ಟ್ರಾ ಈ ವರ್ಷಾನಾ ಮುಂದಿನ ವರ್ಷಾನಾ ಅಂತ ಆಗ ನೋಡೋಣ.